ವಾಲಿದ ದವಡೆ ಹಲ್ಲು ಮತ್ತು ನನ್ನ 15 ತಿಂಗಳು

1997ರಲ್ಲಿ ಒಂದು ದವಡೆ ಹಲ್ಲು ಕೀಳಿಸಿಕೊಳ್ಳೋಕೆ ನಾನು ಕೊಟ್ಟಿದ್ದು 50 ರೂಪಾಯಿ. ಅದರ ಬಾಕಿ ತೀರಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಆಗ ನಾನು ಎಸ್ಸೆಸ್ಸೆಲ್ಸಿ. ಪ್ರಿಪರೇಟರಿ ಪರೀಕ್ಷೆ ಹತ್ತಿರ ಬಂದಿತ್ತು. ಕೆಳಗಡೆ ಎಡಭಾಗದ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ನೋವು. ಲವಂಗ ಒತ್ತಿಟ್ಟುಕೊಂಡು ನಾಲ್ಕು ದಿನ ತಳ್ಳಿದೆ. ಐದನೇ ದಿನ ಅಪ್ಪ ಸ್ಕೂಟರಲ್ಲಿ ಕೂರಿಸಿಕೊಂಡು ಹೋಗಿ ಕೀಳಿಸಿಯೇ ಬಿಟ್ಟರು. ಹತ್ತಿ ಕಚ್ಚಿಕೊಂಡು ಮನೆಗೆ ಬಂದಾಗ ಅಮ್ಮ ಅಂದಿದ್ದು ಇಷ್ಟೇ: 'ಬಿಡು ಮಗ, ಒಂದ್ ಹಲ್ಲು ತಾನೆ, ಇನ್ನೂ ಮೂವತ್ತೊಂದಿದೆ.' ಆ ಜಾಗದಲ್ಲಿ ಇನ್ನೊಂದು ಹಲ್ಲು ಕಟ್ಟಿಸಬೇಕು ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಹಿಂದಿನ ಹಲ್ಲು, ನಕ್ಕರೂ ಕಾಣಲ್ಲ.

ಅದು ಆರನೇ ವಯಸ್ಸಿಗೆ ಹುಟ್ಟುವ ಮೊದಲ ಕಾಯಂ ದವಡೆ ಹಲ್ಲು. ಯಾವ ಹಾಲುಹಲ್ಲನ್ನೂ ಬೀಳಿಸದೆ ಹಿಂದೆ ಸುಮ್ನೆ ಬಂದು ಕೂರುತ್ತೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಡ್ತಾರೆ. ಬೇಗ ಬರುವುದೂ ಅದೇ, ಬೇಗ ಹುಳುಕಾಗುವುದೂ ಹೆಚ್ಚಾಗಿ ಅದೇ. ಇದೆಲ್ಲ ನನಗೆ ಗೊತ್ತಾಗಿದ್ದು 41ನೇ ವಯಸ್ಸಿನಲ್ಲಿ. ಅದೂ ನಾನು ಹೈಸ್ಕೂಲಿನ ವಿಜ್ಞಾನದ ಟೀಚರು!

2023ರ ಮೇ ತಿಂಗಳು. ಸ್ವಲ್ಪ ದಿನದಿಂದ ಊಟ ಆದಮೇಲೆ ಆ ಖಾಲಿ ಜಾಗದ ಹಿಂದೆ ಏನಾದರೂ ಸಿಕ್ಕಿಕೊಳ್ಳುತ್ತಿತ್ತು. ಸೊಪ್ಪಿನ ನಾರು, ಕೊತ್ತಂಬರಿ ಕಡ್ಡಿ, ಒಗ್ಗರಣೆ ಸಾಸಿವೆ. ಬ್ರಷ್ ಅಲ್ಲಿಗೆ ಹೋಗಲ್ಲ. ಸೇಫ್ಟಿ ಪಿನ್ನಿನಲ್ಲಿ ಚುಚ್ಚಿ ತೆಗೆಯುತ್ತಿದ್ದೆ (ಹೌದು, ತಪ್ಪು, ಗೊತ್ತು). ಕೊನೆಗೆ ಒಸಡು ಊದಿಕೊಂಡಿತು. ಮಂಡ್ಯದಲ್ಲೇ ಒಬ್ಬ ದಂತವೈದ್ಯರ ಹತ್ತಿರ ಹೋದೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: ಹೇಗೂ ಬಂದಿದ್ದೇನೆ, ಇಂಪ್ಲಾಂಟ್ ಅಂತ ಏನೋ ಹಾಕ್ತಾರಂತೆ, ಖಾಲಿ ಜಾಗಕ್ಕೆ ಒಂದು ಹಲ್ಲು ಹಾಕಿಸಿಕೊಂಡು ಬಂದುಬಿಡೋಣ.

ಅವರು ಒಪಿಜಿ ಅನ್ನುವ ಎಕ್ಸ್‌ರೇ ತೆಗೆಸಿದರು. ಗಲ್ಲವನ್ನು ಒಂದು ಪಟ್ಟಿಯ ಮೇಲಿಟ್ಟು ನಿಂತರೆ ಯಂತ್ರ ತಲೆಯ ಸುತ್ತ ಒಂದು ಸುತ್ತು ಹೊಡೆದು, ಎರಡೂ ದವಡೆಯ ಎಲ್ಲ ಹಲ್ಲನ್ನೂ ಒಂದೇ ಚಿತ್ರದಲ್ಲಿ ತೆಗೆಯುತ್ತೆ. ಕಂಪ್ಯೂಟರಿನಲ್ಲಿ ಅದನ್ನು ನೋಡಿ ನಾನು ಒಂದು ಕ್ಷಣ ಗಾಬರಿಯಾದೆ. ಬೇರೆ ಹಲ್ಲುಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ನಿಂತಿವೆ. ಎಡಭಾಗದ ಕೊನೆಯಲ್ಲಿ ಒಂದು ಮಾತ್ರ ಪೂರ್ತಿ ಮುಂದಕ್ಕೆ ವಾಲಿಕೊಂಡಿದೆ. ಅದರ ಬೆನ್ನ ಮೇಲೆ ಬುದ್ಧಿ ಹಲ್ಲು ಒರಗಿದೆ. ಮೇಲಿನ ದವಡೆಯ ಹಲ್ಲೊಂದು ಖಾಲಿ ಜಾಗಕ್ಕೆ ಇಣುಕಿ ನೋಡುವ ಹಾಗೆ ಕೆಳಗೆ ಇಳಿದಿದೆ.

'ನೋಡಿ ಮೇಡಂ, ಕೆಎಸ್ಸಾರ್ಟಿಸಿ ಬಸ್ಸಲ್ಲಿ ಪಕ್ಕದವರು ಎದ್ದು ಹೋದರೆ ನಿದ್ದೆ ಮಾಡ್ತಿರೋರು ಆ ಕಡೆಗೆ ವಾಲಲ್ವಾ, ಅದೇ ಇದು,' ಅಂದರು ಡಾಕ್ಟರು. 'ಇಪ್ಪತ್ತಾರು ವರ್ಷ ನಿದ್ದೆ ಹೊಡೆದಿದೆ.'

ಅಳತೆ ಮಾಡಿದರೆ ಬಿಟ್ಟ ಜಾಗ ಉಳಿದಿದ್ದು 6 ಮಿಲಿಮೀಟರ್. ಕಿತ್ತ ಹಲ್ಲಿನ ಅಗಲ ಸಾಮಾನ್ಯವಾಗಿ 11 ಮಿಲಿಮೀಟರ್ ಹತ್ತಿರ ಇರುತ್ತೆ. ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ಬೇರು) ಹಾಕಿದರೂ ಅದರ ಮೇಲೆ ಕೂರಿಸುವ ಹಲ್ಲಿಗೆ ಅಗಲದಲ್ಲೂ ಜಾಗ ಇಲ್ಲ, ಎತ್ತರದಲ್ಲೂ ಇಲ್ಲ. ವಾಲಿದ ಹಲ್ಲಿನ ಮುಂಭಾಗದಲ್ಲಿ ಒಸಡಿನೊಳಗೆ ಒಂದು ಗುಂಡಿ ಬೇರೆ. ಗೆರೆ ಹಾಕಿದ ಸಣ್ಣ ಕಡ್ಡಿ ಇಳಿಸಿ ನೋಡಿದರೆ 6 ಮಿಲಿಮೀಟರ್ ಆಳ. ಸಾಸಿವೆ ಹೋಗಿ ಕೂರುತ್ತಿದ್ದದ್ದು ಅಲ್ಲೇ. ಹಲ್ಲನ್ನು ಮೊದಲು ನೆಟ್ಟಗೆ ನಿಲ್ಲಿಸಬೇಕು, ಆಮೇಲೆ ಮಿಕ್ಕಿದ್ದು ಅಂತ ಮೈಸೂರಿನ ಒಬ್ಬ ಆರ್ಥೊಡಾಂಟಿಸ್ಟ್ ಹತ್ತಿರ ಕಳಿಸಿದರು. ಅಂದರೆ ಕ್ಲಿಪ್ ಹಾಕುವ ಡಾಕ್ಟರು.

ಕ್ಲಿಪ್ಪಾ? ನನಗಾ? ನಮ್ಮ ಸ್ಕೂಲಿನ ಒಂಬತ್ತನೇ ಕ್ಲಾಸಿನ ಹುಡುಗಿಯರು ಹಾಕಿಸಿಕೊಳ್ಳೋದು ಅದು.

ಮೈಸೂರಿನ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು. ಮಾತು ಕಡಿಮೆ, ಚಿತ್ರ ಜಾಸ್ತಿ. ಎದುರಿಗಿದ್ದ ಹಾಳೆಯ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದರು. ಹಲ್ಲು ಮೂಳೆಯಲ್ಲಿ ಗೋಡೆಗೆ ಮೊಳೆ ಹೊಡೆದ ಹಾಗೆ ಕೂತಿರಲ್ಲ. ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತೆ. ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತುತ್ತಾ ಇದ್ದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತೆ. ಹಿಂದೆ ಎಳೆತ ಬಿದ್ದ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತೆ. ಹಲ್ಲು ಹೀಗೆ ಮೂಳೆಯೊಳಗೇ ದಾರಿ ಮಾಡಿಕೊಂಡು ಸಾಗುತ್ತೆ. ವೇಗ ತಿಂಗಳಿಗೆ ಹೆಚ್ಚು ಕಡಿಮೆ 1 ಮಿಲಿಮೀಟರ್. ಜೋರಾಗಿ ಒತ್ತಿದರೆ ಬೇಗ ಹೋಗುತ್ತಾ ಅಂತ ಕೇಳಿದೆ. ಇಲ್ಲವಂತೆ. ಜೋರು ಜಾಸ್ತಿಯಾದರೆ ಆ ಪದರಕ್ಕೆ ರಕ್ತ ಹೋಗುವುದೇ ನಿಂತು ಹಲ್ಲು ಮತ್ತೂ ನಿಧಾನ ಆಗುತ್ತೆ, ಬೇರಿಗೂ ಪೆಟ್ಟು.

ಇಂಪ್ಲಾಂಟ್ ಮೊದಲು ಹಾಕಿಸಿ ಆಮೇಲೆ ಹಲ್ಲು ಸರಿಸಬಹುದಲ್ವಾ ಅಂತಲೂ ಕೇಳಿದೆ. ಖರ್ಚು ಎರಡು ಕಂತಾಗುತ್ತೆ ಅನ್ನೋ ಲೆಕ್ಕಾಚಾರ ನನ್ನದು. ಅದೂ ಆಗಲ್ಲ. ಇಂಪ್ಲಾಂಟಿಗೆ ಆ ನಾರಿನ ಪದರ ಇರಲ್ಲ. ಟೈಟಾನಿಯಂ ನೇರವಾಗಿ ಮೂಳೆಗೇ ಅಂಟಿಕೊಂಡು ಬೆಳೆಯುತ್ತೆ. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವವರು 1965ರಲ್ಲಿ ಮೊದಲ ಸಲ ಒಬ್ಬ ರೋಗಿಯ ದವಡೆಗೆ ಹಾಗೆ ಕೂರಿಸಿದ್ದಂತೆ. ಒಮ್ಮೆ ಅಂಟಿಕೊಂಡರೆ ಅದು ಅಲ್ಲಾಡಲ್ಲ. ತಪ್ಪು ಜಾಗಕ್ಕೆ ಹಾಕಿದರೆ ತಪ್ಪು ಜಾಗದಲ್ಲೇ ಇರುತ್ತೆ.

ಜೂನ್ ಮೊದಲ ವಾರ ಹಲ್ಲು ಕ್ಲೀನ್ ಮಾಡಿಸಿದ್ದಾಯ್ತು. ಊದಿದ ಒಸಡಿನ ಮೇಲೆ ಕ್ಲಿಪ್ ಹಾಕಲ್ಲ. ಎರಡನೇ ವಾರ ಬುದ್ಧಿ ಹಲ್ಲು ತೆಗೆದರು. ವಾಲಿದ ಹಲ್ಲು ಹಿಂದಕ್ಕೆ ಹೋಗಬೇಕಾದರೆ ಹಿಂದಿನವರು ಜಾಗ ಬಿಡಬೇಕಲ್ಲ. ಇಂಜೆಕ್ಷನ್ ಕೊಟ್ಟಮೇಲೆ ನೋವಿರಲಿಲ್ಲ. ಆದರೆ ದವಡೆ ಒತ್ತುವ ಜೋರು ಗೊತ್ತಾಗುತ್ತೆ, ಒಳಗಿಂದ ಕಟಕ್ ಅನ್ನುವ ಶಬ್ದ ತಲೆಯೊಳಗೇ ಕೇಳುತ್ತೆ. ಎರಡು ಹೊಲಿಗೆ. ಉಗುಳಬಾರದು, ಸ್ಟ್ರಾ ಹಾಕಿ ಕುಡಿಯಬಾರದು, ಬಿಸಿ ಬೇಡ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಆಗ ಗೊತ್ತಾಗುತ್ತಂತೆ ನೋವು ಅಂದರೆ ಏನು ಅಂತ. ಎರಡು ದಿನ ಮೊಸರನ್ನ, ಐಸ್‌ಕ್ರೀಂ. ಕೆನ್ನೆ ಒಂದು ಕಡೆ ಬನ್ನಿನ ಹಾಗೆ ಉಬ್ಬಿತ್ತು. ವಾರ ಬಿಟ್ಟು ಹೊಲಿಗೆ ತೆಗೆದರು.

ಜುಲೈನಲ್ಲಿ ಕ್ಲಿಪ್. ಪೂರ್ತಿ ಬಾಯಿಗೆ ಬೇಕಿರಲಿಲ್ಲ. ಕೆಳಗಿನ ಎಡಭಾಗದಲ್ಲಿ ಕೋರೆ ಹಲ್ಲು, ಅದರ ಹಿಂದಿನ ಎರಡು ಹಲ್ಲಿಗೆ ಸಣ್ಣ ಚೌಕಗಳನ್ನು ಅಂಟಿಸಿದರು. ವಾಲಿದ ಹಲ್ಲಿಗೆ ಒಂದು ಪುಟ್ಟ ಕೊಳವೆ. ಅವೆಲ್ಲದರಲ್ಲಿ ತಂತಿ. ತಂತಿಯ ಮೇಲೆ, ಬಿಟ್ಟ ಜಾಗದಲ್ಲಿ, ಒಂದು ಸ್ಪ್ರಿಂಗ್. ಬಾಲ್‌ಪೆನ್ನಿನೊಳಗೆ ಇರುತ್ತಲ್ಲ, ಥೇಟ್ ಅದೇ, ಅದರ ಮರಿ. ಅದುಮಿ ಕೂರಿಸಿದ ಸ್ಪ್ರಿಂಗ್ ಬಿಚ್ಚಿಕೊಳ್ಳೋಕೆ ನೋಡುತ್ತೆ, ಹಿಂದಿನ ಹಲ್ಲನ್ನು ಹಿಂದಕ್ಕೆ ತಳ್ಳುತ್ತೆ.

ಅಲ್ಲೇ ನನ್ನ ಟೀಚರ್ ಬುದ್ಧಿ ಎದ್ದಿತು. 'ಡಾಕ್ಟರೇ, ಹಿಂದಕ್ಕೆ ತಳ್ಳಿದಷ್ಟೇ ಜೋರಾಗಿ ಅದು ಮುಂದಿನ ಹಲ್ಲನ್ನೂ ಮುಂದಕ್ಕೆ ತಳ್ಳುತ್ತೆ ಅಲ್ವಾ? ನ್ಯೂಟನ್ ಮೂರನೇ ನಿಯಮ.'

ಅವರು ಮೊದಲ ಸಲ ನಕ್ಕರು. 'ಅದಕ್ಕೇ ಮೇಡಂ, ಸ್ಕ್ರೂ ಹಾಕ್ತಿರೋದು.'

ಸ್ಕ್ರೂ ಅಂದರೆ ನಿಜಕ್ಕೂ ಸ್ಕ್ರೂ. ಟೈಟಾನಿಯಂನದು, ಒಂದೂವರೆ ಮಿಲಿಮೀಟರ್ ದಪ್ಪ, 8 ಮಿಲಿಮೀಟರ್ ಉದ್ದ. ಮುಂದಿನ ಎರಡು ಹಲ್ಲಿನ ಬೇರುಗಳ ನಡುವೆ, ಒಸಡಿನ ಮೂಲಕ ಮೂಳೆಗೆ ತಿರುಗಿಸುತ್ತಾರೆ. ಕೈಯಲ್ಲೇ, ಸಣ್ಣ ಸ್ಕ್ರೂಡ್ರೈವರಿನಲ್ಲಿ. ಹಲ್ಲನ್ನು ಅದಕ್ಕೆ ಕಟ್ಟಿದರೆ ಹಲ್ಲು ಮುಂದೆ ಸರಿಯಲ್ಲ. ಮರಕ್ಕೆ ಹಗ್ಗ ಕಟ್ಟಿ ಎಳೆಯುವವರು ಕಾಲು ಊರೋಕೆ ಒಂದು ಗೂಟ ನೆಟ್ಟುಕೊಂಡ ಹಾಗೆ. ಹಾಕುವಾಗ ಒಂದಿಷ್ಟೇ ಮರಗಟ್ಟಿಸುತ್ತಾರೆ. ಬೇಕಂತಲೇ ಕಡಿಮೆ. ಸ್ಕ್ರೂ ಬೇರಿಗೆ ತಗುಲಿದರೆ ನಮಗೆ ಚುರುಕ್ ಅನ್ನಬೇಕಲ್ಲ. ಇಂಪ್ಲಾಂಟಿನ ಹಾಗೆ ಇದು ಮೂಳೆಗೆ ಬೆಸೆದುಕೊಳ್ಳಬೇಕಾಗಿಲ್ಲ, ಬಿಗಿಯಾಗಿ ಕಚ್ಚಿಕೊಂಡಿದ್ದರೆ ಸಾಕು. ಕೆಲಸ ಮುಗಿದಮೇಲೆ ಉಲ್ಟಾ ತಿರುಗಿಸಿ ತೆಗೆದುಬಿಡುತ್ತಾರೆ.

ಮೇಲಿನ ಇಳಿದ ಹಲ್ಲಿಗೆ ಇನ್ನೆರಡು ಸ್ಕ್ರೂ. ಕೆನ್ನೆಯ ಕಡೆ ಒಂದು, ಅಂಗುಳಿನ ಕಡೆ ಒಂದು. ಎರಡರ ನಡುವೆ, ಹಲ್ಲಿನ ಅಗಿಯುವ ಮುಖದ ಮೇಲೆ ಹಾಯುವಂತೆ ರಬ್ಬರ್ ಸರಪಳಿ. ಅದು ಹಲ್ಲನ್ನು ಮೆಲ್ಲಗೆ ಮೇಲಕ್ಕೆ, ಮೂಳೆಯೊಳಕ್ಕೆ ಒತ್ತುತ್ತೆ. ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ವಿಚಿತ್ರ ಅನ್ನಿಸಿದ್ದು ಇದೇ. ಇಳಿದ ಹಲ್ಲನ್ನು ಮತ್ತೆ ಏರಿಸಬಹುದು ಅಂತ ಯಾರಿಗೆ ಗೊತ್ತಿತ್ತು?

ಮೊದಲ ರಾತ್ರಿ ನೋವು ಅಷ್ಟಿಲ್ಲ. ಎರಡನೇ ದಿನ ಮಾತ್ರ ಇಡ್ಲಿ ಕೂಡ ಗಟ್ಟಿ ಅನ್ನಿಸಿತು. ಚುಚ್ಚುವ ನೋವಲ್ಲ. ಏಟು ಬಿದ್ದು ಕಂದಿದ ಜಾಗ ಮುಟ್ಟಿದರೆ ಆಗುತ್ತಲ್ಲ, ಆ ತರಹ. ನಾಲ್ಕೈದು ದಿನಕ್ಕೆ ಕಡಿಮೆಯಾಯಿತು. ಅದಕ್ಕಿಂತ ಕಾಟ ಕೊಟ್ಟಿದ್ದು ಕೆನ್ನೆಯ ಒಳಗಿನ ಹುಣ್ಣು. ತಂತಿಯ ತುದಿ ತಾಗಿ ತಾಗಿ ಸಾರಿನ ಖಾರ ಬಿದ್ದರೆ ಕಣ್ಣಲ್ಲಿ ನೀರು. ಮೇಣ ಕೊಟ್ಟಿದ್ದರು. ಅಕ್ಕಿಕಾಳಿನಷ್ಟು ತೆಗೆದು ಬೆರಳಲ್ಲಿ ಉಂಡೆ ಮಾಡಿ ಚುಚ್ಚುವ ಕಡೆ ಅಂಟಿಸಬೇಕು. ತಂತಿ ಒದ್ದೆ ಇದ್ದರೆ ಅಂಟಲ್ಲ, ಮೊದಲು ಒರೆಸಿಕೊಳ್ಳಬೇಕು. ಇದನ್ನು ಹೇಳಿಕೊಟ್ಟಿದ್ದು ಡಾಕ್ಟರಲ್ಲ, ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ. 'ಮಿಸ್, ನಿಮಗೂ ಕ್ಲಿಪ್ಪಾ?' ಅಂತ ಮೊದಲ ದಿನ ಇಡೀ ಕ್ಲಾಸು ನಕ್ಕಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು ಈ ವಯಸ್ಸಲ್ಲಿ ಯಾಕೆ ಅಂದರು. ಈ ಪ್ರಶ್ನೆ ನಾನೂ ಡಾಕ್ಟರಿಗೆ ಕೇಳಿದ್ದೆ. ಮೂಳೆ, ಒಸಡು ಗಟ್ಟಿ ಇದ್ದರೆ ವಯಸ್ಸು ಅಡ್ಡಿಯಲ್ಲ, ಸ್ವಲ್ಪ ನಿಧಾನ ಆಗಬಹುದು ಅಷ್ಟೇ.

ಊಟದ ವಿಷಯದಲ್ಲಿ ಮಂಡ್ಯದವರು ಪುಣ್ಯ ಮಾಡಿದ್ದೇವೆ. ಮುದ್ದೆಯನ್ನು ಅಗಿಯುವ ಹಾಗೇ ಇಲ್ಲ, ನುಂಗಬೇಕು. ಉಪ್ಸಾರಿಗೆ ಅದ್ದಿ ಗುಳುಂ ಅನ್ನಿಸಿದರೆ ಯಾವ ತಂತಿಗೂ ಗೊತ್ತಾಗಲ್ಲ. ಆ 15 ತಿಂಗಳಲ್ಲಿ ನಾನು ತಿಂದಷ್ಟು ಮುದ್ದೆ ಅದಕ್ಕೆ ಮುಂಚೆ ಐದು ವರ್ಷದಲ್ಲೂ ತಿಂದಿರಲಿಲ್ಲ. ನಮ್ಮೆಜಮಾನರು ಅನ್ನದವರು, ಪಾಪ, ಅವರಿಗೂ ಅದೇ ಆಯ್ತು.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಮೊದಲ ತಿಂಗಳಲ್ಲೇ ಎರಡು ಎಡವಟ್ಟಾಯಿತು. ವಾಲಿದ ಹಲ್ಲಿಗೆ ಅಂಟಿಸಿದ್ದ ಕೊಳವೆ ಒಂಬತ್ತನೇ ದಿನ ಕಿತ್ತು ಬಂತು. ನಾನು ಬೋರ್ಡ್ ಮೇಲೆ ಬರೆಯುತ್ತಿದ್ದಾಗ ನಾಲಿಗೆಗೆ ಏನೋ ಕಲ್ಲಿನ ಚೂರು ಸಿಕ್ಕಿದ ಹಾಗಾಯಿತು. ಬೆಳಗ್ಗಿನ ಅನ್ನದಲ್ಲಿದ್ದ ಕಲ್ಲು ಅಂದುಕೊಂಡು ಉಗುಳಲು ಹೊರಟಿದ್ದೆ. ಅಷ್ಟು ಹಿಂದಿನ ಹಲ್ಲು, ಅದೂ ವಾಲಿ ಅರ್ಧ ಒಸಡಿನೊಳಗೆ ಹೂತಿರುವುದು. ಅಲ್ಲಿ ಎಂಜಲು ಬಾರದ ಹಾಗೆ ಒಣಗಿಸಿ ಅಂಟಿಸುವುದೇ ಕಷ್ಟ. ಎರಡನೇ ಸಲ ಅಂಟಿಸುವ ಬದಲು ಹಲ್ಲಿನ ಸುತ್ತ ಸ್ಟೀಲಿನ ಉಂಗುರ ತೊಡಿಸಿ ಸಿಮೆಂಟ್ ಹಾಕಿದರು. ಒಂದು ಕಡ್ಡಿ ಕಚ್ಚಿಸಿ ಕಚ್ಚಿಸಿ ಇಳಿಸುತ್ತಾರೆ. ಕಾಲುಂಗುರ ಬಿಗಿಯಾದರೆ ಹೇಗೋ ಹಾಗೆ ಎರಡು ದಿನ.

ಇನ್ನೊಂದು, ಮೇಲೆ ಅಂಗುಳಿನ ಕಡೆಯ ಸ್ಕ್ರೂ. ಮೂರನೇ ವಾರ ನಾಲಿಗೆಯಲ್ಲಿ ಮುಟ್ಟಿದರೆ ಅಲ್ಲಾಡುತ್ತಿತ್ತು. ತಪ್ಪು ನನ್ನದೂ ಇರಬಹುದು, ಹೊಸದು ಸಿಕ್ಕಿತು ಅಂತ ನಾಲಿಗೆ ಹಗಲೂ ರಾತ್ರಿ ಅದರ ಮೇಲೇ ಇತ್ತು. ಕೆಲವು ಸ್ಕ್ರೂ ಹೀಗೆ ಸಡಿಲ ಆಗುತ್ತವೆ ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಅದನ್ನು ತೆಗೆದು ಸ್ವಲ್ಪ ಪಕ್ಕಕ್ಕೆ ಬೇರೆ ಹಾಕಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಟ್ಟು ಖರ್ಚು ಕೇಳುತ್ತೀರಿ ಅಂತ ಗೊತ್ತು. ಬುದ್ಧಿ ಹಲ್ಲಿನಿಂದ ಹಿಡಿದು ಕೊನೆಯ ಹಲ್ಲು ಕೂರಿಸುವವರೆಗೆ ನನಗೆ 85,000 ರೂಪಾಯಿ ಆಯಿತು, ಕಂತಿನಲ್ಲಿ. ಮೈಸೂರಿಗೆ ಓಡಾಡಿದ್ದು ಬೇರೆ. ತಿಂಗಳಿಗೊಂದು ಶನಿವಾರ, ಬೆಳಗಿನ ಸ್ಕೂಲು ಮುಗಿಸಿ ರೈಲು ಹತ್ತುತ್ತಿದ್ದೆ.

ತಂತಿಯ ಬಗ್ಗೆ ಒಂದು ಮಾತು. ಮೊದಲು ಹಾಕಿದ್ದು ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ತಂತಿ. ಹೇಗೆ ಬಗ್ಗಿಸಿದರೂ ತನ್ನ ಹಳೇ ಆಕಾರಕ್ಕೇ ವಾಪಸ್ಸಾಗುವ ಹಠ ಅದಕ್ಕೆ. ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ, ಹೆಸರಿನ ಕೊನೆಯ ಅಕ್ಷರಗಳು ಆ ಪ್ರಯೋಗಾಲಯದವೇ. ಹಲ್ಲಿಗೆ ಬಂದದ್ದು 1970ರ ದಶಕದಲ್ಲಿ. ನನಗೆ ಹಾಕಿದ್ದು ಬಾಯಿಯ ಬಿಸಿಗೆ ಬಿಗಿಯಾಗುವ ಜಾತಿ. ನೋವು ಜಾಸ್ತಿಯಾದರೆ ತಣ್ಣೀರು ಬಾಯಲ್ಲಿಟ್ಟುಕೊಳ್ಳಿ ಅಂದರು. ಇಟ್ಟರೆ ತಂತಿ ಸ್ವಲ್ಪ ಹೊತ್ತು ಮೆತ್ತಗಾಗಿ ಹಿಡಿತ ಸಡಿಲಿಸುತ್ತೆ. ಮತ್ತೆ ಬೆಚ್ಚಗಾದರೆ ಶುರು. ಬಲ ಮತ್ತು ಒತ್ತಡದ ಪಾಠವನ್ನು ಆ ವರ್ಷ ಎಂಟನೇ ಕ್ಲಾಸಿಗೆ ನಾನು ಮಾಡಿದಷ್ಟು ಚೆನ್ನಾಗಿ ಹಿಂದೆಂದೂ ಮಾಡಿರಲಿಲ್ಲ. ಬಾಯಿ ತೆರೆದೇ ತೋರಿಸಿದೆ.

ನವೆಂಬರ್ ಹೊತ್ತಿಗೆ ಬಾಯಿ ಮುಚ್ಚಿದರೆ ಒಂದೇ ಹಲ್ಲು ತಾಗುತ್ತಿತ್ತು, ಮಿಕ್ಕಿದ್ದೆಲ್ಲ ಬಿಟ್ಟುಕೊಂಡಿರುತ್ತಿತ್ತು. ಏನೋ ಕೆಟ್ಟುಹೋಯಿತು ಅಂತ ಹೆದರಿ ಫೋನ್ ಮಾಡಿದೆ. ಮಲಗಿದ ಹಲ್ಲು ಏಳುವಾಗ ಹಿಂದಕ್ಕೆ ಮಾತ್ರ ಹೋಗಲ್ಲ, ಒಂಚೂರು ಮೇಲಕ್ಕೂ ಬರುತ್ತೆ. ಆಗ ಎದುರಿನ ಹಲ್ಲಿಗೆ ಮೊದಲು ಅದೇ ತಗಲುತ್ತೆ. ನೀಲಿ ಕಾಗದ ಕಚ್ಚಿಸಿ, ಬಣ್ಣ ಹತ್ತಿದ ಕಡೆ ಒಂದಿಷ್ಟು ಉಜ್ಜಿದರು. ಮತ್ತೆ ಕಚ್ಚಿಸಿದರು, ಮತ್ತೆ ಉಜ್ಜಿದರು. ಮೂರು ತಿಂಗಳು ಹೋದಾಗಲೆಲ್ಲ ಇದೇ. ಸ್ವಲ್ಪ ದಿನ ತಣ್ಣೀರಿಗೆ ಜುಂ ಅನ್ನುತ್ತಿತ್ತು.

ಅದೇ ಸಮಯದಲ್ಲಿ ಒಂದು ರಾತ್ರಿ ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಾಕಿಕೊಂಡು ನೋಡಿದೆ. ಆ ಹಲ್ಲಿನ ಮುಂದಿನ ಮುಖ ಕಾಣಿಸಿತು. 26 ವರ್ಷ ಒಸಡಿಗೆ ಒತ್ತಿಕೊಂಡಿದ್ದ ಮುಖ. ಬಣ್ಣ ಬೇರೆ, ಸ್ವಲ್ಪ ಹಳದಿ, ಗಾರೆ ಕಟ್ಟಿತ್ತು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯ ಹಾಗಿರುವ ಸಣ್ಣ ಬ್ರಷ್ ಕೊಟ್ಟಿದ್ದರು, ಅದು ಈಗ ಆ ಸಂದಿಗೆ ಸಲೀಸಾಗಿ ಹೋಯಿತು. ಯಾಕೋ ಅರ್ಧ ಗಂಟೆ ಅದನ್ನೇ ಉಜ್ಜುತ್ತಾ ನಿಂತಿದ್ದೆ.

ಸಂಕ್ರಾಂತಿ ಬಂತು. ಎಳ್ಳು ಬೀರಲು ಮನೆಮನೆಗೆ ಹೋದೆ. ಎಲ್ಲರೂ ಕೈಗೆ ಎಳ್ಳು ಬೆಲ್ಲ ಕೊಟ್ಟರು, ಸಕ್ಕರೆ ಅಚ್ಚು ಕೊಟ್ಟರು, ಕಬ್ಬು ಕೊಟ್ಟರು. ಹುರಿದ ಕಡಲೆಬೀಜ, ಒಣ ಕೊಬ್ಬರಿ, ಬೆಲ್ಲದ ಅಚ್ಚು. ಕ್ಲಿಪ್ ಹಾಕಿದವರು ಮುಟ್ಟಬಾರದ ಪಟ್ಟಿಯನ್ನೇ ಯಾರೋ ತಟ್ಟೆಯಲ್ಲಿ ಜೋಡಿಸಿದ ಹಾಗಿತ್ತು. ಒಳ್ಳೆ ಮಾತಾಡಿ ಅಂದರು, ಬರೀ ಮಾತಾಡಿಕೊಂಡೇ ಬಂದೆ. ಒಂದು ಸಕ್ಕರೆ ಅಚ್ಚು ಬಾಯಲ್ಲಿಟ್ಟು ಕರಗಿಸಿದೆ.

ಮಾರ್ಚ್‌ನಲ್ಲಿ ಮತ್ತೆ ಎಕ್ಸ್‌ರೇ. ಹಲ್ಲು ನೆಟ್ಟಗೆ ನಿಂತಿತ್ತು. ಬಿಟ್ಟ ಜಾಗ 10 ಮಿಲಿಮೀಟರ್. ಒಸಡಿನ ಗುಂಡಿ 6ರಿಂದ 3ಕ್ಕೆ ಇಳಿದಿತ್ತು. ಮೇಲಿನ ಹಲ್ಲು ತನ್ನ ಸಾಲಿಗೆ ಸೇರಿಕೊಂಡಿತ್ತು. ಇನ್ನೇನು ಎಲ್ಲ ಬಿಚ್ಚುತ್ತಾರೆ ಅಂದುಕೊಂಡರೆ, ಇಲ್ಲ. ಸರಿದ ಹಲ್ಲು ಹೊಸ ಮೂಳೆ ಗಟ್ಟಿಯಾಗುವ ಮೊದಲೇ ಬಿಟ್ಟರೆ ಹಳೇ ಜಾಗಕ್ಕೆ ವಾಲುತ್ತೆ. ಹಾಗಾಗಿ ಗಟ್ಟಿ ತಂತಿ ಹಾಕಿ ಎರಡು ತಿಂಗಳು ಸುಮ್ಮನೆ ಹಿಡಿದಿಟ್ಟರು. ಮೇ ರಜದಲ್ಲಿ ಮಂಡ್ಯದ ಡಾಕ್ಟರು ಇಂಪ್ಲಾಂಟ್ ಕೂರಿಸಿದರು, ಮುಕ್ಕಾಲು ಗಂಟೆಯ ಕೆಲಸ. ಅದು ಮೂಳೆಗೆ ಬೆಸೆಯೋಕೆ ಮತ್ತೆ ಮೂರು ತಿಂಗಳ ಮೇಲೆ ಕಾದೆ. ಅಲ್ಲಿಯವರೆಗೂ ತಂತಿ, ರಬ್ಬರ್ ಎರಡೂ ಹಾಗೇ ಇದ್ದವು. ಕೆಳಗೆ ಹಲ್ಲು ಬಂದು ಎದುರು ನಿಂತರೆ ಮಾತ್ರ ಮೇಲಿನದು ಮತ್ತೆ ಇಳಿಯಲ್ಲ.

ಸೆಪ್ಟೆಂಬರ್ ಮೊದಲ ವಾರ ಹಲ್ಲು ಕೂರಿಸಿದರು. ಮಾರನೇ ದಿನ ಮೈಸೂರಿಗೆ ಹೋಗಿ ಕ್ಲಿಪ್ ಬಿಚ್ಚಿಸಿಕೊಂಡೆ. ಸ್ಕ್ರೂಗಳನ್ನು ಮರಗಟ್ಟಿಸದೆಯೇ ಉಲ್ಟಾ ತಿರುಗಿಸಿ ತೆಗೆದರು, ನೋವೇ ಇಲ್ಲ. ಒಂದನ್ನು ಕೇಳಿ ಇಸಕೊಂಡು ಬಂದಿದ್ದೇನೆ. ಸ್ಕೂಲಿನ ಲ್ಯಾಬಿನ ಬೀರುವಿನಲ್ಲಿ ಆಯಸ್ಕಾಂತಗಳ ಪಕ್ಕ ಇದೆ. ಟೈಟಾನಿಯಂ, ಆಯಸ್ಕಾಂತಕ್ಕೆ ಅಂಟಲ್ಲ ಅಂತ ಮಕ್ಕಳಿಗೆ ತೋರಿಸೋಕೆ.

ಆ ವಾರವೇ ಗೌರಿ ಹಬ್ಬ. ಅಮ್ಮ ಡಬ್ಬಿ ತುಂಬ ನಿಪ್ಪಟ್ಟು ಮಾಡಿದ್ದರು. ಅಡುಗೆಮನೆಯಲ್ಲಿ ನಿಂತು ಒಂದು ಮುರಿದು ಬಾಯಿಗೆ ಹಾಕಿಕೊಂಡೆ. ಅದು ತನ್ನಷ್ಟಕ್ಕೆ ಬಲಗಡೆಗೆ ಹೋಯಿತು, ಅಷ್ಟು ವರ್ಷದ ಅಭ್ಯಾಸ. ನಾಲಿಗೆಯಲ್ಲಿ ಎಡಗಡೆಗೆ ತಳ್ಳಿ ಕಚ್ಚಿದೆ. ಕಟುಂ ಅಂತು. ಎಡಗಿವಿಯೊಳಗೆ ಆ ಶಬ್ದ ಕೇಳಿ ನಾನೇ ಬೆಚ್ಚಿದೆ.

'ಏನಾಯ್ತೇ?' ಅಂದರು ಅಮ್ಮ, ಎಣ್ಣೆಯ ಬಾಣಲೆಯಿಂದ ತಿರುಗದೆ.

'ಕಡಲೆಬೇಳೆ ಜಾಸ್ತಿ ಹಾಕಿದೀಯ,' ಅಂದೆ. ಇನ್ನೊಂದು ತಗೊಂಡೆ.